ಯೂಟ್‌ನ ಎಡಗಡೆಯ ಮುಂದಿನ ಚಕ್ರ

ನೋಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದು ಕಾರೋ, ಲಾರಿಯೋ?

ಮುಂದಿನಿಂದ ನೋಡಿದರೆ ಕಾರು. ಎರಡು ಬಾಗಿಲು, ಉದ್ದ ಮೂತಿ, ದುಂಡು ದೀಪಗಳು. ಸೀಟಿನ ಹಿಂದೆ ಯಾರೋ ಕತ್ತಿಯಿಂದ ಕೊಯ್ದ ಹಾಗೆ ಚಾವಣಿ ಮುಗಿದು, ಅಲ್ಲಿಂದಾಚೆ ತೆರೆದ ತೊಟ್ಟಿ. ಆಸ್ಟ್ರೇಲಿಯಾದವರು ಇದನ್ನು ಯೂಟ್ ಅನ್ನುತ್ತಾರೆ. ಅಲ್ಲಿ ಊರಿಗೆ ಹತ್ತಾರು ಇರುತ್ತವಂತೆ. ಲಂಡನ್ನಿನಲ್ಲಿ ನಾನು ಕಂಡದ್ದು ಅದೊಂದೇ. ಕ್ವೀನ್ಸ್‌ಬರಿಯ ನಮ್ಮ ಬೀದಿಯಲ್ಲಿ, ನಾನು ಬಾಡಿಗೆಗಿದ್ದ ಮನೆಯ ಮುಂದೆ, ಕೆನೆಬಣ್ಣದಲ್ಲಿ ನಿಂತಿರುತ್ತಿತ್ತು.

ಆ ಗಾಡಿಯನ್ನು ಹೊಗಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ. ಆದರೆ ಹೊಗಳುತ್ತಾ ಹೋದರೆ ಒಂದು ಕಡೆ ಬಾಯಿ ಕಟ್ಟುತ್ತದೆ. ಆ ಜಾಗ ಬರುವವರೆಗೆ ಹೊಗಳುತ್ತೇನೆ, ಬಂದ ಮೇಲೆ ಇದ್ದದ್ದನ್ನು ಹೇಳುತ್ತೇನೆ.

ಗಾಡಿ ಮನೆಯ ಯಜಮಾನರದು. ಕುಂದಾಪುರದ ಕಡೆಯವರು, ನನಗಿಂತ ಎರಡು ವರ್ಷ ದೊಡ್ಡವರು. ಸಂಬಂಧವೇನೂ ಇಲ್ಲ, ಆದರೂ ನಾನು ಅಣ್ಣ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ ಅನ್ನುತ್ತಿದ್ದೆ. ಅವರ ಒಬ್ಬಳೇ ಮಗಳು ನನ್ನನ್ನು ಚಿಕ್ಕಪ್ಪ ಅನ್ನುತ್ತಿದ್ದಳು. ಅಣ್ಣನಿಗೆ ಅಡುಗೆಯ ಕಂಟ್ರಾಕ್ಟು: ನಮ್ಮವರ ಸೀಮಂತ, ಸತ್ಯನಾರಾಯಣ ಪೂಜೆ, ಯುಗಾದಿ ಸಮಾರಂಭ, ಎಲ್ಲಕ್ಕೂ ಅವರದೇ ಊಟ. ಹತ್ತನೆಯ ತರಗತಿ ಓದಿ, ಮುಂಬಯಿಯ ಹೋಟೆಲುಗಳಲ್ಲಿ ಬೆಂದು, ಕೊನೆಗೆ ಲಂಡನ್ನಿಗೆ ಬಂದು ಬಿದ್ದ ನಾನು ಅವರ ಕೈಕೆಳಗೆ ಕೆಲಸಕ್ಕಿದ್ದೆ. ಮಹಡಿಯ ಮೇಲಿನ ಸಣ್ಣ ಕೋಣೆ ನನ್ನದು. ಊಟ ಅವರ ಜೊತೆಗೇ.

ತೊಂಬತ್ತರ ದಶಕದ ನಡುವಿನಲ್ಲಿ, ಕಟ್ಟಡ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ ಒಬ್ಬ ಆಸ್ಟ್ರೇಲಿಯಾದವನು ತನ್ನ ಊರಿಗೆ ಹೊರಟ. ಅವನು ಅಲ್ಲಿಂದ ಹಡಗಿನಲ್ಲಿ ತರಿಸಿಕೊಂಡಿದ್ದ ಗಾಡಿ ಇದು. ಮತ್ತೆ ಹಡಗು ಹತ್ತಿಸುವ ಮನಸ್ಸಿರಲಿಲ್ಲ. ಅಣ್ಣ ಒಂದು ಸುತ್ತು ಓಡಿಸಿ ನೋಡಿ ಕೊಂಡೇಬಿಟ್ಟರು. ಮನೆಗೆ ತಂದ ದಿನ ಅತ್ತಿಗೆ ಬಾಗಿಲಲ್ಲೇ ನಿಂತು ಕೇಳಿದರು: "ಎಂತ ಇದ್? ಅರ್ಧ ಕಾರು ತಂದದ್ದಾ? ಉಳ್ದರ್ಧ ಎಲ್ಲಿತ್ತ್?"

ಆ ಅರ್ಧ ಕಾರಿನ ಗುಣ ಗೊತ್ತಾಗಲು ಅತ್ತಿಗೆಗೆ ಒಂದು ವಾರ ಸಾಕಾಯಿತು. ಮಾಮೂಲಿ ವ್ಯಾನಿಗಾದರೆ ಸಾಂಬಾರಿನ ಕೊಳಗ ಏರಿಸುವಾಗ ಇಬ್ಬರು ಎದೆಯವರೆಗೆ ಎತ್ತಬೇಕು, ಆಮೇಲೆ ಬಗ್ಗಿಕೊಂಡು ಒಳಗೆ ತಳ್ಳಬೇಕು. ಯೂಟ್‌ನ ಹಿಂಬಾಗಿಲು ಎರಡು ಸರಪಳಿಯ ಮೇಲೆ ಕೆಳಗಿಳಿದು ಮೇಜಿನ ಹಾಗೆ ನಿಲ್ಲುತ್ತಿತ್ತು, ನಮ್ಮ ಸೊಂಟದಷ್ಟೇ ಎತ್ತರ. ಕೊಳಗ ಅದರ ಮೇಲಿಟ್ಟು ಜಾರಿಸಿದರೆ ಆಯಿತು. ಹಾಲ್‌ನ ಕಾರ್ ಪಾರ್ಕಿನಲ್ಲಿ ಆ ಹಿಂಬಾಗಿಲ ಮೇಲೇ ಕೋಸಂಬರಿ ಕಲಸಿದ್ದೇವೆ, ಎಲೆ ಒರೆಸಿದ್ದೇವೆ, ನಿಂತು ಚಹಾ ಕುಡಿದಿದ್ದೇವೆ. ಮೇಲೆ ಚಾವಣಿ ಇಲ್ಲದ್ದರಿಂದ ಒಗ್ಗರಣೆಯ ವಾಸನೆ ಸೀಟಿಗೆ ಹತ್ತುತ್ತಿರಲಿಲ್ಲ. ಮಳೆ ಬಂದರೆ ಟಾರ್ಪಾಲಿನ್ ಎಳೆದು ಸುತ್ತಲಿನ ಕೊಕ್ಕೆಗಳಿಗೆ ಸಿಕ್ಕಿಸಿದರೆ ಒಂದು ಹನಿ ಒಳಗಿಳಿಯುತ್ತಿರಲಿಲ್ಲ.

ಮುಂದೆ ಒಂದೇ ಉದ್ದನೆಯ ಸೀಟು. ಮೂವರು ಆರಾಮಾಗಿ ಕೂರಬಹುದು. ಗೇರಿನ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ ಇದ್ದದ್ದರಿಂದ ನಡುವೆ ಕೂತವರ ಮೊಣಕಾಲಿಗೆ ಏನೂ ತಾಗುತ್ತಿರಲಿಲ್ಲ. ನಡುವಿನ ಜಾಗ ಯಾವಾಗಲೂ ಮಗಳದು. ಸ್ಟೀರಿಂಗ್ ಬಲಕ್ಕೇ ಇತ್ತು, ಆದರೆ ವೇಗದ ಮುಳ್ಳು ಕಿಲೋಮೀಟರಿನದು, ಇಲ್ಲಿಯ ಬೋರ್ಡುಗಳು ಮೈಲಿಯವು. ಲೆಕ್ಕ ಹೇಳುವುದು ಅವಳ ಕೆಲಸವಾಗಿತ್ತು. "ಅಪ್ಪ, ಥರ್ಟಿ ಈಸ್ ಫಾರ್ಟಿ-ಎಯ್ಟ್. ಯು ಆರ್ ಡೂಯಿಂಗ್ ಸಿಕ್ಸ್ಟಿ!" ಎಂದು ಕೂಗುವಳು. "ಅದ್ ಆಸ್ಟ್ರೇಲಿಯಾದ ಅರವತ್ತ್ ಮಗಾ, ಇಲ್ಲಿ ಅಷ್ಟ್ ಇಲ್ಲೆ" ಎಂದು ಅಣ್ಣ ಕಾಲು ಸಡಿಲಿಸುವರು.

ಅದಕ್ಕೆ ಒಂದು ಕೆಟ್ಟ ಚಾಳಿಯೂ ಇತ್ತು. ಹಿಂದೆ ಭಾರವಿಲ್ಲದಿದ್ದರೆ, ರಸ್ತೆ ಒದ್ದೆಯಿದ್ದರೆ, ತಿರುವಿನಲ್ಲಿ ಬಾಲ ಜಾರುತ್ತಿತ್ತು. ಅದಕ್ಕೆ ನಾವು ಖಾಲಿ ಬರುವಾಗ ಎರಡು ಅಕ್ಕಿಮೂಟೆ ಹಿಂದೆ ಹಾಕಿಕೊಂಡೇ ಬರುತ್ತಿದ್ದೆವು.

ಬಾಗಿಲಿನ ಸಂದುಗಳಲ್ಲಿ ಕೆಂಪು ಧೂಳು ಕೂತಿತ್ತು. ಆಸ್ಟ್ರೇಲಿಯಾದ ಮಣ್ಣು. ನಾನು ಎಷ್ಟೋ ಸಲ ಬ್ರಷ್ ಹಾಕಲು ಹೋದೆ, ಅಣ್ಣ ಬಿಡಲಿಲ್ಲ. "ಇರ್ಲಿ ಮಾರಾಯ. ಮುರಕಲ್ಲಿನ ಪುಡಿ ಇದ್ದಂಗಿತ್ತ್, ಕಾಣ್" ಎಂದು ಬೆರಳಿನಿಂದ ಒರೆಸಿ ತೋರಿಸುತ್ತಿದ್ದರು. ನಮ್ಮೂರಿನ ಕೆಂಪು ಕಲ್ಲಿನ ಗೋಡೆ ಉಜ್ಜಿದರೆ ಕೈಗೆ ಹತ್ತುವ ಪುಡಿಯ ಬಣ್ಣವೇ ಅದು.

ಅಣ್ಣನಿಗೆ ಸಕ್ಕರೆ ಕಾಯಿಲೆ ಇತ್ತು. ಆಸ್ಪತ್ರೆಯವರು ಕಣ್ಣಿನ ಪರೀಕ್ಷೆಗೆ ಆಗಾಗ ಕರೆಯುತ್ತಿದ್ದರು, ಕಣ್ಣು ಸರಿಯಿದೆ ಎಂದು ಕಳಿಸುತ್ತಿದ್ದರು. ಅತ್ತಿಗೆಗೆ ಮಾತ್ರ ನಂಬಿಕೆ ಇರಲಿಲ್ಲ. ಅಣ್ಣ ಒಂದು ಚಮಚ ಹುಡುಕಿದರೂ "ಕಣ್ಣೆದುರೇ ಇತ್ತಲ, ಕಾಣುದಿಲ್ಯಾ? ಗಾಡಿ ಬಿಡುದ್ ನಿಲ್ಸಿ ನೀವ್" ಅನ್ನುತ್ತಿದ್ದರು. ಅಣ್ಣ ಆ ಮಾತಿಗೆ ಮಾತ್ರ ನಗುತ್ತಿರಲಿಲ್ಲ. ಗಾಡಿ ಅವರ ಅನ್ನ, ಅದಕ್ಕಿಂತ ಹೆಚ್ಚಾಗಿ ಅವರ ಖುಷಿ. ಇದನ್ನು ಇಲ್ಲೇ ಹೇಳಿಡುತ್ತೇನೆ, ಮುಂದಿನದಕ್ಕೆ ಇದು ಬೇಕು.

ಆ ವರ್ಷ ಆಯುಧ ಪೂಜೆ ಶನಿವಾರ ಬಂತು. ಮರುದಿನ ವಿಜಯದಶಮಿಗೆ ಸೌತ್‌ಹಾಲ್‌ನ ಒಂದು ಹಾಲ್‌ನಲ್ಲಿ ನಮ್ಮವರ ಸಮಾರಂಭ, ಇನ್ನೂರು ಜನರ ಊಟ, ಮಗಳ ಹಾಡು. ಪೂಜೆಗೆ ಗಾಡಿ ಚೊಕ್ಕವಾಗಿರಬೇಕೆಂದು ನಾನು ಬೆಳಕು ಹರಿಯುತ್ತಲೇ ತೊಳೆಯಲು ನಿಂತೆ. ಮೇಲೆ ಮಾತ್ರ ತೊಳೆದರೆ ನನಗೆ ಸಮಾಧಾನವಿಲ್ಲ. ಜಾಕ್ ಕೊಟ್ಟು ಒಂದೊಂದೇ ಚಕ್ರ ಬಿಚ್ಚಿ, ಒಳಗಿನ ಕೆಸರೆಲ್ಲ ತೊಳೆದು, ಮತ್ತೆ ಹಾಕಿ ಬಿಗಿ ಮಾಡುತ್ತಾ ಬಂದೆ. ಕೊನೆಯದು ಎಡಗಡೆಯ ಮುಂದಿನದು. ಅದನ್ನು ಕೂರಿಸಿ, ಐದೂ ನಟ್‌ಗಳನ್ನು ಬೆರಳಿನಲ್ಲಿ ತಿರುಗಿಸಿ, ಜಾಕ್ ಇಳಿಸಿದ್ದೆ. ಇನ್ನು ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಕು.

ಆಗ ಒಳಗಿನಿಂದ ಅತ್ತಿಗೆ ಕೂಗಿದರು: "ಹ್ವಾಯ್, ರಾಹುಕಾಲ ಬಂತ್! ಆಯುಧ ಎಲ್ಲ ಬೇಗ ತನಿ!"

ನಮ್ಮಲ್ಲಿ ಆ ದಿನ ಕೆಲಸದ ಸಾಮಾನೆಲ್ಲ ದೇವರೆದುರು ಇಡಬೇಕು. ಒಮ್ಮೆ ಇಟ್ಟು ಕುಂಕುಮ ಹಚ್ಚಿದ ಮೇಲೆ ಮರುದಿನದ ಮಂಗಳಾರತಿಯವರೆಗೆ ಯಾರೂ ಮುಟ್ಟುವಂತಿಲ್ಲ. ಈಳಿಗೆಮಣೆ, ಚೂರಿ, ಸೌಟು, ಗ್ರೈಂಡರಿನ ಕಲ್ಲು ಎಲ್ಲ ಆಗಲೇ ಹೋಗಿದ್ದವು. ಉಳಿದದ್ದು ನನ್ನ ಕೈಯಲ್ಲಿದ್ದ ನಾಲ್ಕು ಕವಲಿನ ವೀಲ್ ಸ್ಪ್ಯಾನರ್. ಪೂಜೆ ಮುಗಿದ ಮೇಲೆ ಬಿಗಿ ಮಾಡಿದರಾಯಿತು ಅಂದುಕೊಂಡೆ. ಚಂದ ಕಾಣಲಿ ಎಂದು ಹಬ್‌ಕ್ಯಾಪ್ ಬಡಿದು ಕೂರಿಸಿದೆ. ನಟ್‌ಗಳು ಅದರ ಹಿಂದೆ ಮುಚ್ಚಿಹೋದವು. ಸ್ಪ್ಯಾನರ್ ಒರೆಸಿ ಒಳಗೆ ಕೊಂಡುಹೋಗಿ ಇಟ್ಟೆ.

ಪೂಜೆ ಮುಗಿಯಿತು. ಸ್ಪ್ಯಾನರಿಗೆ ಅರಸಿನ, ಕುಂಕುಮ, ನಡುವೆ ಒಂದು ಸೇವಂತಿಗೆ. ನಾನು ಮೆಲ್ಲನೆ ಕೈ ಚಾಚಿದೆ.

"ಏ, ಎಂತ ಮಾಡ್ತ್ರಿ? ಮುಟ್ಟೂಕಾಗ!" ಎಂದರು ಅತ್ತಿಗೆ. "ಒಂದ್ ದಿನ ಸುಮ್ನೆ ಕೂತ್ಕಣಿ ಕಾಂಬ."

ಚಕ್ರ ಬಿಗಿ ಮಾಡಿಲ್ಲ ಅಂದರೆ ಸಾಕಿತ್ತು. ದೇವರ ಕೆಲಸಕ್ಕೆ ಅರ್ಧ ಕೆಲಸ ಬಿಟ್ಟು ಬಂದೆ ಎಂದು ಹೇಳಲು ನಾಚಿಕೆಯಾಯಿತು. ಹೇಗೂ ಇವತ್ತು ಗಾಡಿ ಹೊರಡುವುದಿಲ್ಲ, ನಾಳೆ ಬೆಳಿಗ್ಗೆ ಮಾಡೋಣ ಎಂದು ಸುಮ್ಮನಾದೆ.

ಮರುದಿನ ಬೆಳಗಿನ ಜಾವ ಮಂಗಳಾರತಿಯಾಯಿತು. ಚೂರಿ ಸೌಟುಗಳನ್ನು ಎತ್ತಿಕೊಂಡು ಅಡುಗೆಗೆ ಇಳಿದೆವು. ಇನ್ನೂರು ಜನರ ಸಾಂಬಾರು, ಪಲ್ಯ, ಚಿತ್ರಾನ್ನ. ನನ್ನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಅತ್ತಿಗೆ ಯಾರದೋ ಕಾರಿನಲ್ಲಿ ಮುಂದಾಗಿ ಹಾಲ್‌ಗೆ ಹೋದರು. ಯೂಟ್ ತುಂಬಿಸಿದೆವು. ಅಣ್ಣ, ಮಗಳು ಹತ್ತಿ ಕೂತರು. ಹೊರಡುವ ಮುಂಚೆ ನಾಲ್ಕು ಚಕ್ರದಡಿಗೆ ನಾಲ್ಕು ನಿಂಬೆಹಣ್ಣು ಇಡುವುದು ಪದ್ಧತಿ. ಇಟ್ಟವನು ನಾನೇ. ಎಡಗಡೆಯ ಮುಂದಿನ ಚಕ್ರದೆದುರು ಮೊಣಕಾಲೂರಿ ಕೂತು, ಹಬ್‌ಕ್ಯಾಪಿನಲ್ಲಿ ನನ್ನ ಮುಖ ಕಾಣುತ್ತಿರುವಾಗಲೂ ನೆನಪಾಗಲಿಲ್ಲ. ನಿಂಬೆಹಣ್ಣು ಪಟ್ಟೆಂದು ಒಡೆದವು. ಬೀದಿಯ ತಿರುವಿನಲ್ಲಿ ಅಣ್ಣ ಗಡಿಬಿಡಿಯಲ್ಲಿ ಫುಟ್‌ಪಾತಿನ ಕಲ್ಲಂಚಿಗೆ ಚಕ್ರ ತಾಗಿಸಿದರು. "ಅಪ್ಪ!" ಎಂದು ಮಗಳು ಕಿರುಚಿದ್ದು ನನಗೆ ಗೇಟಿನವರೆಗೂ ಕೇಳಿಸಿತು.

ಪಾಯಸ ಇನ್ನೂ ಕುದಿಯುತ್ತಿತ್ತು. ಅದನ್ನು ಇಳಿಸಿ, ನನ್ನನ್ನು ಕರೆದೊಯ್ಯಲು ಬರುವ ಕಾರಿಗೆ ಕಾಯುತ್ತಾ, ದೇವರೆದುರಿನ ದೀಪ ನೋಡಲು ಹೋದೆ. ಖಾಲಿಯಾದ ಮಣೆಯ ಮೇಲೆ ಒಂದೇ ಒಂದು ಸಾಮಾನು ಉಳಿದಿತ್ತು. ಸ್ಪ್ಯಾನರ್. ಸೇವಂತಿಗೆ ಅದರ ಮೇಲೆ ಹಾಗೇ ಇತ್ತು.

ಅಣ್ಣನ ಹತ್ತಿರ ಮೊಬೈಲ್ ಇರಲಿಲ್ಲ. ಹಾಲ್‌ಗೆ ಫೋನ್ ಮಾಡಿದೆ. ಬಹಳ ಹೊತ್ತಿನ ಮೇಲೆ ಅಲ್ಲಿಯ ಕಾವಲುಗಾರ ಎತ್ತಿದ. ಊಟದ ಗಾಡಿ ಬಂತೇ ಎಂದು ಕೇಳಿದೆ. ಇಲ್ಲ ಅಂದ. ಅಡುಗೆಯವರ ಹೆಂಡತಿ ಇಲ್ಲಿದ್ದಾರೆ, ಕರೆಯಲೇ ಎಂದು ಕೇಳಿದ. ನಾನು ಫೋನ್ ಇಟ್ಟೆ. ಆ ಹೊತ್ತಿಗೇ ನನ್ನೊಳಗೆ ಸುಳ್ಳು ಶುರುವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಸ್ಪ್ಯಾನರನ್ನು ಪೇಪರಿನಲ್ಲಿ ಸುತ್ತಿಕೊಂಡು ಮಿನಿಕ್ಯಾಬ್ ಹಿಡಿದೆ. ಡ್ರೈವರ್ ಪಂಜಾಬಿನವನು. ಕನ್ನಡಿಯಲ್ಲಿ ನನ್ನ ಮಡಿಲನ್ನು ನೋಡುತ್ತಾ ಹಿಂದಿಯಲ್ಲಿ ಕೇಳಿದ: "ಚಾಚಾ, ಯಾರನ್ನಾದರೂ ಹೊಡೆಯಲು ಹೋಗುತ್ತಿದ್ದೀರಾ? ಮೊದಲೇ ಹೇಳಿ, ನಾನು ದೂರ ನಿಲ್ಲಿಸುತ್ತೇನೆ."

ನನಗೆ ನಗು ಬರಲಿಲ್ಲ. ವೆಂಬ್ಲಿ ದಾಟುವವರೆಗೆ ರಸ್ತೆಯ ಎಡಬದಿಯನ್ನೇ ನೋಡುತ್ತಿದ್ದೆ. ಕೆನೆಬಣ್ಣದ್ದು ಏನು ಕಂಡರೂ ಯೂಟ್ ಅನ್ನಿಸಿ ಬಗ್ಗಿ ನೋಡುತ್ತಿದ್ದೆ: ಒಂದು ಐಸ್‌ಕ್ರೀಮ್ ವ್ಯಾನ್, ಯಾರದೋ ಮನೆಯ ಗೋಡೆ. ಹ್ಯಾಂಗರ್ ಲೇನಿನ ದೊಡ್ಡ ವೃತ್ತದಲ್ಲಿ ಗಾಡಿಗಳು ನಿಂತುಬಿಟ್ಟಿದ್ದವು. "ಮುಂದೆ ಏನೋ ಆಗಿದೆ" ಎಂದ ಡ್ರೈವರ್. ಅಷ್ಟು ಸಣ್ಣ ಮಾತು ನನ್ನನ್ನು ಅಷ್ಟು ಹೆದರಿಸಿದ್ದು ಜೀವಮಾನದಲ್ಲಿ ಬೇರೆ ಇಲ್ಲ. ಇಳಿದು ಓಡಿದೆ.

ದೊಡ್ಡ ರಸ್ತೆಯಿಂದ ಗ್ರೀನ್‌ಫರ್ಡ್ ಕಡೆಗೆ ಇಳಿಯುವಲ್ಲಿ ಯೂಟ್ ನಿಂತಿತ್ತು. ಎಡಮೂತಿ ನೆಲಕ್ಕೆ ಊರಿತ್ತು. ಹಿಂದೆ ಡಾಂಬರಿನ ಮೇಲೆ ಉದ್ದನೆಯ ಬಿಳಿ ಗೀರು. ಚಕ್ರ ಆಚೆ ಹುಲ್ಲಿನಲ್ಲಿ ಮಲಗಿತ್ತು. ಹಿಂಬಾಗಿಲ ಸಂದಿನಿಂದ ಸಾಂಬಾರು ಸುರಿಯುತ್ತಿತ್ತು. ಇಳಿಯಲು ವೇಗ ತಗ್ಗಿಸಿದ್ದಾಗ ಚಕ್ರ ಕಳಚಿತ್ತು. ಅರ್ಧ ನಿಮಿಷ ಮೊದಲು, ದೊಡ್ಡ ರಸ್ತೆಯ ವೇಗದಲ್ಲಿ ಕಳಚಿದ್ದರೆ ಅವರಿಬ್ಬರೂ ಉಳಿಯುತ್ತಿರಲಿಲ್ಲ, ಇದನ್ನು ಬರೆಯಲು ನಾನೂ ಉಳಿಯುತ್ತಿರಲಿಲ್ಲ.

ಅಣ್ಣ ಹುಲ್ಲಿನ ಮೇಲೆ ಮಗಳ ಕೈ ಹಿಡಿದುಕೊಂಡು ಕೂತಿದ್ದರು. ಅವಳ ರೇಷ್ಮೆ ಲಂಗಕ್ಕೆ ಮಣ್ಣಾಗಿತ್ತು, ಬಲಗೈಯ ಮಣಿಕಟ್ಟು ಊದಿತ್ತು. "ಚಿಕ್ಕಪ್ಪ, ಇಟ್ ಜಸ್ಟ್ ವೆಂಟ್" ಎಂದಳು. ಆಮೇಲೆ ಅಪ್ಪನ ಮುಖ ನೋಡದೆ, "ಹಿ ಹಿಟ್ ದ ಕರ್ಬ್" ಎಂದಳು.

ಅಣ್ಣ ನನ್ನನ್ನು ಕೇಳಿದರು: "ಮನೆ ತಿರುವಲ್ಲಿ ತಾಗಿತ್ ಮಾರಾಯ. ನಂಗ್ ಕಾಣ್ಲೇ ಇಲ್ಲೆ. ಅದೇ ಇರ್ಕಾ?"

ನಾನು ಕೋಟನ್ನು ಬಿಗಿಯಾಗಿ ಎಳೆದುಕೊಂಡೆ. ಸ್ಪ್ಯಾನರ್ ನನ್ನ ಕೋಟಿನೊಳಗಿತ್ತು.

ಆಂಬುಲೆನ್ಸಿನಲ್ಲಿ ಅವರಿಬ್ಬರೂ ಹೋದರು. ಗಾಡಿ ಎಳೆಯುವವನು ಬರುವವರೆಗೆ ನಾನೊಬ್ಬನೇ. ಉಳಿದ ಮೂರು ಚಕ್ರಗಳಿಗೆ ಸ್ಪ್ಯಾನರ್ ಹಾಕಿ ನೋಡಿದೆ. ಮೂರೂ ಕಲ್ಲಿನಂತೆ ಬಿಗಿಯಾಗಿದ್ದವು. ಬಂದವನು ಚಕ್ರ ನೋಡಿದ, ಹಬ್‌ಕ್ಯಾಪ್ ಎತ್ತಿ ಅಲ್ಲಾಡಿಸಿದ. ಒಳಗೆ ಎರಡು ನಟ್ ಗಲಗಲ ಅಂದವು. "ಯಾರೋ ಇದನ್ನು ಬಿಗಿ ಮಾಡಿಯೇ ಇಲ್ಲ. ಕೊನೆಯ ಸಲ ಚಕ್ರ ಬಿಚ್ಚಿದ್ದು ಯಾರು?" ಎಂದು ಕೇಳುತ್ತಾ ನನ್ನ ಕೈಯಲ್ಲಿದ್ದ ಕುಂಕುಮ ಹಚ್ಚಿದ ಸ್ಪ್ಯಾನರನ್ನು ನೋಡಿದ. ಗೊತ್ತಿಲ್ಲ ಅಂದೆ. ಅವನು ಹೆಗಲು ಕೊಡವಿ ಆ ಎರಡು ನಟ್‌ಗಳನ್ನು ನನ್ನ ಅಂಗೈಗೆ ಹಾಕಿದ. ನಾನು ಜೇಬಿಗೆ ಹಾಕಿಕೊಂಡೆ.

ಸಂಜೆ ಮಗಳ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಅಣ್ಣ ಶೂ ಕೂಡ ಬಿಚ್ಚದೆ ಕೇಳಿದರು: "ಗಾಡಿ ಎಳ್ದವ ಎಂತ ಹೇಳ್ದ?"

ಅತ್ತಿಗೆ ಅಲ್ಲೇ ನಿಂತಿದ್ದರು. ಆ ಮನೆ ಬಿಟ್ಟರೆ ನನಗೆ ಲಂಡನ್ನಿನಲ್ಲಿ ಬೇರೆ ಮನೆ ಇರಲಿಲ್ಲ. ಅದೊಂದೇ ಕಾರಣ ಎಂದರೆ ಅದೂ ಸುಳ್ಳು. ಅವರ ಮುಖದಲ್ಲಿ ನನ್ನ ಬಗ್ಗೆ ಇದ್ದ ವಿಶ್ವಾಸ ಆರುವುದನ್ನು ನೋಡುವ ಧೈರ್ಯ ಇರಲಿಲ್ಲ.

"ಕಲ್ಲಿಗೆ ಬಡ್ದದ್ದೇ ಇರ್ಕ್ ಅಂದ" ಅಂದೆ.

ಅತ್ತಿಗೆ ಅಣ್ಣನನ್ನು ಒಮ್ಮೆ ನೋಡಿ ಒಳಗೆ ಹೋದರು. ಅವರು ಬೈದಿದ್ದರೆ ಅಣ್ಣ ಜಗಳವಾಡುತ್ತಿದ್ದರು, ಗಾಡಿ ಉಳಿಯುತ್ತಿತ್ತೋ ಏನೋ.

ಅಣ್ಣ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಬಿಡಿಭಾಗ ಆಸ್ಟ್ರೇಲಿಯಾದಿಂದ ಬರಬೇಕಿತ್ತು, ತರಿಸೋಣ ಎಂದು ನಾನೇ ಎರಡು ಸಲ ಹೇಳಿದೆ. "ಬ್ಯಾಡ ಮಾರಾಯ. ಹೆಣ್ಣ್ ಉಳ್ದದ್ದೇ ಹೆಚ್ಚ್" ಅಂದರು. ಸ್ಟ್ರಾಟ್‌ಫರ್ಡಿನಲ್ಲಿ ಹಳೆಯ ಗಾಡಿಗಳ ಶೆಡ್ ಇಟ್ಟುಕೊಂಡಿದ್ದ ಒಬ್ಬ ಬಂದು ಯೂಟನ್ನು ಟ್ರಕ್ಕಿನ ಮೇಲೆ ಏರಿಸಿಕೊಂಡು ಹೋದ. ಅವತ್ತು ಅಣ್ಣ ಹೊರಗೆ ಬರಲಿಲ್ಲ. ನಾನು ನೋಡುತ್ತಾ ನಿಂತೆ. ಬಾಗಿಲಿನ ಸಂದಿನ ಕೆಂಪು ಧೂಳು ಹಾಗೇ ಇತ್ತು. ಆಮೇಲೆ ಡ್ರೈವರ್ ಸಮೇತ ಬಾಡಿಗೆಗೆ ತಂದ ವ್ಯಾನಿನಲ್ಲಿ ಒಂದು ವರ್ಷ ತಳ್ಳಿ ಅಡುಗೆಯ ಕೆಲಸವನ್ನೂ ನಿಲ್ಲಿಸಿದರು. ನಾನು ಬೇರೊಂದು ಹೋಟೆಲ್ ಸೇರಿದೆ, ಕೋಣೆ ಮಾತ್ರ ಬಿಡಲಿಲ್ಲ. ಆ ಮೇಜಿಗೇ ಊಟಕ್ಕೆ ಕೂತೆ. ಅತ್ತಿಗೆ ಬಂದವರಿಗೆಲ್ಲ "ಇವ್ರಿಗೆ ಕಾಣುದಿಲ್ಲೆ ಅಂತ ನಾ ಹೇಳಿದ್ದೆ" ಅನ್ನುವಾಗ ನಾನು ಅನ್ನ ಕಲಸುತ್ತಿದ್ದೆ. ನಟ್‌ಗಳು ಮೇಲಿನ ಕೋಣೆಯಲ್ಲಿ, ಒಂದು ಕುಂಕುಮದ ಡಬ್ಬಿಯಲ್ಲಿದ್ದವು.

ಹೀಗೆ ಸುಮಾರು ಹತ್ತು ವರ್ಷ. ಮಗಳು ಓದು ಮುಗಿಸಿ, ಕೆಲಸ ಹಿಡಿದು, ಬೇರೆ ಮನೆ ಮಾಡಿದಳು. ಮುರಿದ ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿತ್ತು. ಒಂದು ಚಳಿಗಾಲ ನನಗೆ ಎದೆನೋವು ಬಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದೆ. ಅಣ್ಣ ದಿನಾ ಬಸ್ಸಿನಲ್ಲಿ ಗಂಜಿ ತಂದರು, ಬೋರ್ಡು ಓದಲಾಗದೆ ಬಸ್ಸಿನ ನಂಬರನ್ನು ಪಕ್ಕದವರಿಗೆ ಕೇಳಿಕೊಂಡು. ಈಗ ಸಕ್ಕರೆ ನಿಜವಾಗಿಯೂ ಕಣ್ಣಿಗೆ ಇಳಿದಿತ್ತು. ಆ ಗಂಜಿ ಉಂಡ ಮೇಲೆ ನನಗೆ ತಡೆಯಲಾಗಲಿಲ್ಲ.

ಮನೆಗೆ ಬಂದ ಮರುದಿನ ಆ ಡಬ್ಬಿ ತಂದು ಮೇಜಿನ ಮೇಲೆ ಸುರಿದೆ. ಎಲ್ಲ ಹೇಳಿದೆ. ಅಣ್ಣ ನಟ್ ಒಂದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ತಿರುಗಿಸಿದರು.

"ಐದೂ ಬಿಗಿ ಮಾಡ್ಲಿಲ್ಯಾ?" ಎಂದು ಕೇಳಿದರು.

"ಐದೂ."

"ಹಂಗಾರೆ ಆಗ ನನ್ ಕಣ್ಣ್ ಸರಿ ಇದ್ದಿತ್."

ಅಡುಗೆಮನೆಯತ್ತ ತಿರುಗಿ ಜೋರಾಗಿ ಕೂಗಿದರು: "ಕೇಂಡ್ಯಾ? ನನ್ ಕಣ್ಣ್ ಸರಿ ಇದ್ದಿತ್ ಅಂಬ್ರ್!" ಅತ್ತಿಗೆ ಬಾಗಿಲಿಗೆ ಬಂದರು. ಅವರು ಎಲ್ಲ ಕೇಳಿಸಿಕೊಂಡಿದ್ದರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿ ಹೇಳಿದರು: "ಒಂದ್ ಮಾತ್ ಹೇಳಿರೆ ಸ್ಪ್ಯಾನರ್ ನಾನೇ ಎತ್ತಿ ಕೊಡ್ತಿದ್ದೆ. ದೇವರಿಗಿಂತ ನನ್ ಕಂಡ್ರೆ ಹೆದ್ರಿಕೆಯಾ ನಿಮ್ಗೆ?" ಅವತ್ತು ನನಗೆ ಕಾಫಿ ಬರಲಿಲ್ಲ.

ಅಣ್ಣನಿಗೆ ಬೇರೆಯದೇ ಹಠ ಹುಟ್ಟಿತು. ಗಾಡಿ ಇದ್ದರೆ ನೋಡಬೇಕು, ಇನ್ನೂ ಶೆಡ್ಡಿನ ಮೂಲೆಯಲ್ಲಿರಬಹುದು. ಟ್ಯೂಬ್ ಹಿಡಿದು ಇಬ್ಬರೂ ಸ್ಟ್ರಾಟ್‌ಫರ್ಡಿಗೆ ಹೋದೆವು. ನಡೆದೂ ನಡೆದೂ ಶೆಡ್ಡುಗಳಿದ್ದ ಬೀದಿಯ ಬಾಯಿಗೆ ಬಂದರೆ ಬೀದಿಯೇ ಇರಲಿಲ್ಲ. ಒಲಿಂಪಿಕ್ಸಿಗೆಂದು ಎಲ್ಲವನ್ನೂ ತೆರವು ಮಾಡಿ, ಉದ್ದಕ್ಕೂ ನೀಲಿ ಹಲಗೆಯ ಬೇಲಿ ಹಾಕಿದ್ದರು.

"ಸಂದಿ ಇತ್ತಾ ಕಾಣ್. ಒಳಗೆ ಎಂತ ಕಾಣ್ತ್?" ಎಂದರು ಅಣ್ಣ.

ಒಂದು ಸಂದಿಗೆ ಕಣ್ಣಿಟ್ಟೆ. ಅಗೆದ ಮಣ್ಣು, ಹಳದಿ ಯಂತ್ರಗಳು. "ಎಂತದೂ ಇಲ್ಲೆ ಅಣ್ಣ. ಮಣ್ಣ್."

"ಕೆಂಪಾ?"

"ಅಲ್ಲ. ಕಪ್ಪ್."

ಹಿಂದಿರುಗುವಾಗ ಟ್ಯೂಬಿನಲ್ಲಿ ಹೇಳಿದರು: "ಆದಿತ್ಯವಾರ ಮಗಳ್ ಬತ್ತ್. ಅವಳಿಗೆ ನೀನೇ ಹೇಳ್ಕ್. ನಾ ಹೇಳುದಿಲ್ಲೆ."

ಆದಿತ್ಯವಾರದವರೆಗೆ ನಾನು ಸರಿಯಾಗಿ ಉಣ್ಣಲಿಲ್ಲ. ಅವಳು ಬಂದಳು, ತನ್ನ ಸಣ್ಣ ಕಾರನ್ನು ಯೂಟ್ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದಳು. ನನ್ನ ಕಣ್ಣು ಮೊದಲು ಹೋದದ್ದು ಅದರ ಎಡಗಡೆಯ ಮುಂದಿನ ಚಕ್ರಕ್ಕೆ. ಬಾಗಿಲಲ್ಲೇ ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ಅವಳು ಕೇಳುವಷ್ಟೂ ಹೊತ್ತು ಎಡಗೈಯಿಂದ ಬಲಮಣಿಕಟ್ಟನ್ನು ಹಿಡಿದುಕೊಂಡಿದ್ದಳು.

"ಐ ಟೋಲ್ಡ್ ಹಿಮ್ ಐ ವುಡ್ ನೆವರ್ ಗೆಟ್ ಇನ್ ಎ ಕಾರ್ ವಿತ್ ಹಿಮ್ ಅಗೇನ್, ಚಿಕ್ಕಪ್ಪ" ಎಂದಳು. "ನೆವರ್. ಐ ಟೋಲ್ಡ್ ಎವ್ರಿಒನ್ ಹಿ ಕುಡಂಟ್ ಸೀ."

ಅಷ್ಟು ಹೇಳಿ ನನ್ನನ್ನು ದಾಟಿ ಒಳಗೆ ಹೋದಳು. ನಾನು ಆ ಲೆಕ್ಕವನ್ನು ಯಾವತ್ತೂ ಹಾಕಿರಲಿಲ್ಲ. ನಾನು ಅಣ್ಣನಿಂದ ತೆಗೆದುಕೊಂಡದ್ದು ಗಾಡಿಯನ್ನು ಮಾತ್ರ ಎಂದುಕೊಂಡಿದ್ದೆ.

ಅಣ್ಣ ಕಿಟಕಿಯ ಪಕ್ಕ ಕೂತಿದ್ದರು. ಅವಳು ತನ್ನ ಕಾರಿನ ಕೀಲಿಯನ್ನು ಅವರ ಕೈಗಿಟ್ಟು, ಬೆರಳು ಮಡಚಿ, ಕನ್ನಡದಲ್ಲೇ ಹೇಳಿದಳು: "ಅಪ್ಪ, ನೀವ್ ಬಿಡಿ. ನಾ ಪಕ್ಕ ಕೂರ್ತೆ."

ಅಣ್ಣ ಕೀಲಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ಅವಳ ಕೈ ಎಲ್ಲಿದೆಯೆಂದು ತಡಕಿ, ಅದರಲ್ಲಿ ಮರಳಿ ಇಟ್ಟರು.

"ಈಗ ಆತಿಲ್ಲೆ ಮಗಾ" ಎಂದರು. "ಈಗ ನಿಜಕ್ಕೂ ಕಾಣ್ತಿಲ್ಲೆ."